ಶುಂಠಿಯ ಎಲೆಚುಕ್ಕೆ: ಪಂಪಿನ ಮೇಲಿನ ನಂಬಿಕೆಯ ಖಂಡನೆ

ಶುಂಠಿಯ ಎಲೆಚುಕ್ಕೆ ಮಳೆಗಾಲದ ರೋಗ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡದ ಇಳಿಜಾರಿನಲ್ಲೂ ಕಣಿವೆಯ ಗದ್ದೆಗಳಲ್ಲೂ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಊರಿದ ಶುಂಠಿ, ಮುಂಗಾರು ಹಿಡಿಯುವ ಹೊತ್ತಿಗೆ ಆರೇಳು ಎಲೆ ಬಿಟ್ಟು ನಿಂತಿರುತ್ತದೆ. ಆರಿದ್ರಾ ಮಳೆ ಬಲಿಯುತ್ತಿದ್ದಂತೆ ಎಲೆಯ ಮೇಲೆ ಮೊದಲ ಚುಕ್ಕೆಗಳು ಮೂಡುತ್ತವೆ. ಮಳೆ ಬಿಟ್ಟು ಬಿಟ್ಟು ಬರುವಷ್ಟು ಕಾಲ, ಅಕ್ಟೋಬರ್‌ವರೆಗೂ, ರೋಗ ಏರುತ್ತಲೇ ಹೋಗುತ್ತದೆ. ಗೆಡ್ಡೆ ತುಂಬುವುದು ಎಲೆಯ ದುಡಿಮೆಯಿಂದ. ಎಲೆ ಒಣಗಿದಷ್ಟೂ ನೆಲದೊಳಗಿನ ತೂಕ ಇಳಿಯುತ್ತದೆ.

ಈ ರೋಗದ ಬಗ್ಗೆ ಈ ಸೀಮೆಯಲ್ಲಿ ಬೇರುಬಿಟ್ಟಿರುವ ಅಭಿಪ್ರಾಯ ಒಂದೇ: ಎಲೆಯ ರೋಗಕ್ಕೆ ಎಲೆಗೇ ಔಷಧಿ ಹೊಡೆಯಬೇಕು, ಬೇಗ ಹೊಡೆಯಬೇಕು, ಪದೇ ಪದೇ ಹೊಡೆಯಬೇಕು. ಈ ಅಭಿಪ್ರಾಯವನ್ನು ಅದರ ಅತ್ಯಂತ ಬಲವಾದ ರೂಪದಲ್ಲೇ ಹೇಳುವುದು ನ್ಯಾಯ. ಎಕರೆ ಶುಂಠಿಗೆ ಬಿತ್ತನೆ ಗೆಡ್ಡೆ, ಗೊಬ್ಬರ, ಆಳು, ಗುತ್ತಿಗೆ ಎಂದು ಲಕ್ಷಗಳಲ್ಲಿ ಖರ್ಚಾಗುತ್ತದೆ. ಅದರ ಮುಂದೆ ಒಂದು ಡ್ರಮ್ಮು ಔಷಧಿಯ ಬೆಲೆ ಸಣ್ಣದು. ಇಲ್ಲಿನ ಮಳೆಯಲ್ಲಿ ರೋಗ ಬರುವುದು ಖಚಿತ, ಬಂದ ಮೇಲೆ ಕಾಯುವುದು ಮೂರ್ಖತನ. ಆದ್ದರಿಂದ ಚುಕ್ಕೆ ಕಾಣಲಿ ಬಿಡಲಿ, ಹದಿನೈದು ದಿನಕ್ಕೊಮ್ಮೆ ಪಂಪು ಹೊರಬೇಕು. ಪರಿಸರಸ್ನೇಹಿ ವಿಧಾನಗಳೆಲ್ಲ ಕೈತೋಟಕ್ಕೆ ಸರಿ, ಎಕರೆಗಟ್ಟಲೆ ಬೆಳೆಗೆ ಆಗಿಬರುವುದಿಲ್ಲ.

ಈ ವಾದ ರೋಗದ ಸ್ವಭಾವಕ್ಕೆ ಹೊಂದುವುದಿಲ್ಲ, ಗಿಡದ ಸ್ವಭಾವಕ್ಕೂ ಹೊಂದುವುದಿಲ್ಲ. ಶುಂಠಿಯ ಎಲೆ ಉಳಿಯುತ್ತದೋ ಇಲ್ಲವೋ ಎಂಬುದರ ಬಹುಪಾಲು ಮೊದಲ ಎಲೆ ಬಿಚ್ಚುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಯಾವ ನೆಲ, ಯಾವ ಬಿತ್ತನೆ, ಎಷ್ಟು ನೆರಳು, ಎಷ್ಟು ಸೊಪ್ಪು, ನೀರು ಬಸಿಯುವ ಏರ್ಪಾಡು ಹೇಗೆ ಎಂಬವೇ ಆ ತೀರ್ಮಾನಗಳು. ಪಂಪು ಬರುವುದು ಎಲ್ಲಕ್ಕಿಂತ ಕೊನೆಗೆ. ಅದನ್ನು ಮೊದಲಿಗೆ ತಂದು ನಿಲ್ಲಿಸಿದ್ದೇ ಈ ಬೆಟ್ಟಸೀಮೆಯ ಶುಂಠಿ ಬೇಸಾಯ ಮಾಡಿಕೊಂಡ ದೊಡ್ಡ ತಪ್ಪು.

ರೋಗ ನಡೆಯುವ ದಾರಿ

ಎಲೆಚುಕ್ಕೆಗೆ ಕಾರಣ ಫಿಲೊಸ್ಟಿಕ್ಟ ಜಿಂಜಿಬೆರಿ ಎಂಬ ಶಿಲೀಂಧ್ರ. ಗೋದಾವರಿ ಮತ್ತು ಮಲಬಾರ್ ಸೀಮೆಗಳ ಶುಂಠಿಯ ಮೇಲೆ ಕಂಡ ಈ ರೋಗವನ್ನು ಟಿ. ಎಸ್. ರಾಮಕೃಷ್ಣನ್ 1942ರಲ್ಲಿ ವಿವರಿಸಿದರು. ರೋಗ ತಗುಲಿದ ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದರೆ ಅದರ ಕೆಲಸ ಕಾಣುತ್ತದೆ. ಚುಕ್ಕೆ ಒಂದರಿಂದ ಹತ್ತು ಮಿಲಿಮೀಟರ್ ಉದ್ದ, ದೋಣಿಯ ಆಕಾರ. ನಡುವೆ ಬಿಳಿಚಿ ಕಾಗದದಂತಾದ ಪೊರೆ, ಸುತ್ತ ಕಡುಕಂದು ಅಂಚು, ಅದರಾಚೆ ತೆಳು ಹಳದಿ ಬಳೆ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡಾಗ ಎಲೆ ಉದ್ದಕ್ಕೆ ಸೀಳುತ್ತದೆ. ಆ ಬಿಳಿ ಪೊರೆಯ ಮೇಲೆ ಮಸೂರ ಹಿಡಿದರೆ ಸೂಜಿಮೊನೆಯಷ್ಟು ಕರಿ ಬಿಂದುಗಳು ಕಾಣುತ್ತವೆ. ಶಿಲೀಂಧ್ರದ ಬೀಜಾಣುಗಳು ತುಂಬಿರುವ ಗೂಡುಗಳು ಇವೇ.

ಗೂಡಿನೊಳಗಿನ ಬೀಜಾಣುಗಳು ಲೋಳೆಯಲ್ಲಿ ಅಂಟಿಕೊಂಡಿರುತ್ತವೆ. ಒಣಗಾಳಿ ಅವನ್ನು ಎಬ್ಬಿಸಲಾರದು. ಮಳೆಹನಿ ಬಿದ್ದಾಗ ಲೋಳೆ ಕರಗಿ, ಹನಿಯ ಸಿಡಿತದೊಂದಿಗೆ ಅವು ಪಕ್ಕದ ಎಲೆಗೆ ಹಾರುತ್ತವೆ. ಕಳೆದ ವರ್ಷದ ಒಣ ಎಲೆ ಮಡಿಯ ಮೇಲೆ ಬಿದ್ದಿದ್ದರೆ ಅಲ್ಲಿಂದಲೂ ಹಾರುತ್ತವೆ. ಹೀಗೆ ಬಂದು ಕೂತ ಬೀಜಾಣುವಿಗೆ ಬೇಕಾದದ್ದು ಎಳೆಯ ಎಲೆ, ಅದರ ಮೇಲೆ ಆರದೆ ನಿಂತ ತೇವ, ಇಪ್ಪತ್ಮೂರರಿಂದ ಇಪ್ಪತ್ತೆಂಟು ಡಿಗ್ರಿಯ ಹವೆ. ಬಿಚ್ಚಿ ಎರಡು ವಾರ ಕಳೆಯದ ಎಲೆಯೇ ರೋಗಕ್ಕೆ ಹೆಚ್ಚು ಒಳಗಾಗುತ್ತದೆ. ಬಲಿತ ಎಲೆಗೆ ತಡೆದುಕೊಳ್ಳುವ ಶಕ್ತಿ ಹೆಚ್ಚು.

ಇಷ್ಟು ತಿಳಿದರೆ ರೋಗವನ್ನು ಎಲ್ಲೆಲ್ಲಿ ತಡೆಯಬಹುದು ಎಂಬುದೂ ತಿಳಿಯುತ್ತದೆ. ಹಳೆಯ ಎಲೆಯ ಕಸವನ್ನು ತೆಗೆಯುವುದು ಒಂದು. ಹನಿಯ ಸಿಡಿತವನ್ನು ಮುರಿಯುವುದು ಎರಡು. ಎಲೆ ಬೇಗ ಆರುವಂತೆ ನೋಡಿಕೊಳ್ಳುವುದು ಮೂರು. ಗಿಡ ಅತಿಯಾಗಿ ಸೊಕ್ಕಿ ಮೆತ್ತನೆಯ ಎಲೆ ಬಿಡದಂತೆ ಕಾಯುವುದು ನಾಲ್ಕು. ಎಲೆಯ ಮೇಲೆ ಔಷಧಿಯ ಪೊರೆ ಕಟ್ಟುವುದು ಐದನೆಯದು. ಚಾಲ್ತಿಯಲ್ಲಿರುವ ಅಭಿಪ್ರಾಯ ಮೊದಲ ನಾಲ್ಕನ್ನೂ ಬದಿಗಿಟ್ಟು ಐದನೆಯದೊಂದನ್ನೇ ನಿರ್ವಹಣೆ ಎಂದು ಕರೆಯುತ್ತದೆ.

ಎಲ್ಲ ಹಳದಿಯೂ ಒಂದು ರೋಗವಲ್ಲ

ಈ ಅಭಿಪ್ರಾಯದ ಮೊದಲ ದೋಷ ರೋಗ ಗುರುತಿಸುವಲ್ಲೇ ಇದೆ. ಶುಂಠಿಯ ಎಲೆ ಹಳದಿಯಾಗಲು ಕನಿಷ್ಠ ನಾಲ್ಕು ಕಾರಣಗಳಿವೆ. ಫಿಲೊಸ್ಟಿಕ್ಟದ ಎಲೆಚುಕ್ಕೆ ಒಂದು. ಪಿಥಿಯಂ ಜಾತಿಯಿಂದ ಬರುವ ಗೆಡ್ಡೆ ಕೊಳೆ ಇನ್ನೊಂದು. ರಾಲ್ಸ್ಟೋನಿಯ ಎಂಬ ಬ್ಯಾಕ್ಟೀರಿಯದಿಂದ ಬರುವ ಸೊರಗು ರೋಗ ಮೂರನೆಯದು. ಕಾಂಡ ಕೊರೆಯುವ ಹುಳು ನಾಲ್ಕನೆಯದು. ನಾಲ್ಕಕ್ಕೂ ದೂರದಿಂದ ಕಾಣುವುದು ಒಂದೇ ಹಳದಿ. ಅಂಗಡಿಯ ಕಟ್ಟೆಯ ಮೇಲಿಟ್ಟ ಒಂದು ಬಾಡಿದ ಎಲೆಯನ್ನೋ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೋ ನೋಡಿ ಔಷಧಿ ಬರೆದುಕೊಟ್ಟರೆ ತಪ್ಪುವ ಸಾಧ್ಯತೆ ಇದ್ದೇ ಇದೆ.

ಗದ್ದೆಯಲ್ಲೇ ನಿಂತು ಇವನ್ನು ಬಿಡಿಸಿ ನೋಡಲು ಪ್ರಯೋಗಾಲಯ ಬೇಡ. ಕಾಂಡವನ್ನು ಹಿಡಿದು ಮೆಲ್ಲನೆ ಎಳೆಯಬೇಕು. ಬುಡ ಗಟ್ಟಿಯಾಗಿ ನಿಂತು ಎಲೆಯಲ್ಲಿ ಮಾತ್ರ ಬಿಳಿ ಚುಕ್ಕೆಗಳಿದ್ದರೆ ಅದು ಎಲೆಚುಕ್ಕೆ. ಕಾಂಡ ಸಲೀಸಾಗಿ ಕಿತ್ತು ಬಂದು, ಬುಡ ನೀರುಗಟ್ಟಿ ಮೆತ್ತಗಾಗಿದ್ದರೆ ಕೊಳೆ. ಸುಳಿ ಮಾತ್ರ ಹಳದಿಯಾಗಿ, ಕಾಂಡದ ಪಕ್ಕದಲ್ಲಿ ತೂತು, ತೂತಿನ ಬಾಯಲ್ಲಿ ಹುಳುವಿನ ಹಿಕ್ಕೆ ಕಂಡರೆ ಕೊರಕ. ಎಲೆಯ ಅಂಚು ಒಳಕ್ಕೆ ಸುರುಳಿಗೊಂಡು ಗಿಡ ಸೊರಗಿದ್ದರೆ ಕಾಂಡದ ಒಂದು ತುಂಡನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಡಬೇಕು. ಕೊಯ್ದ ಬಾಯಿಂದ ಹಾಲಿನಂಥ ಎಳೆ ನೀರಿಗೆ ಇಳಿದರೆ ಅದು ಬ್ಯಾಕ್ಟೀರಿಯದ ಸೊರಗು. ಕೆಲವು ನಿಮಿಷದ ಕೆಲಸ, ಒಂದು ಲೋಟದ ಖರ್ಚು.

ಈ ಪರೀಕ್ಷೆ ಮಾಡದೆ ಹೊಡೆಯುವ ಔಷಧಿಗಳ ಗತಿ ಏನು? ಮೆಟಲಾಕ್ಸಿಲ್ ಎಂಬ ಔಷಧಿ ಪಿಥಿಯಂ, ಫೈಟಾಫ್ತೊರ ಗುಂಪಿನ ಜೀವಿಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಫಿಲೊಸ್ಟಿಕ್ಟಕ್ಕೆ ಅದು ನಾಟುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯದ ಮದ್ದು, ಶಿಲೀಂಧ್ರಕ್ಕೆ ಅದರಿಂದ ಏನೂ ಆಗದು. ಸೊರಗು ರೋಗದ ಬ್ಯಾಕ್ಟೀರಿಯ ಇರುವುದು ಮಣ್ಣಿನಲ್ಲಿ ಮತ್ತು ಗಿಡದ ನಾಳದೊಳಗೆ, ಎಲೆಯ ಮೇಲೆ ಸುರಿದದ್ದು ಅಲ್ಲಿಗೆ ಮುಟ್ಟುವುದಿಲ್ಲ. ಹೀಗಿದ್ದೂ 200 ಲೀಟರ್ ಡ್ರಮ್ಮಿಗೆ ಎರಡು ಬಗೆಯ ಶಿಲೀಂಧ್ರನಾಶಕ, ಒಂದು ಕೀಟನಾಶಕ, ಒಂದು ಪ್ರತಿಜೈವಿಕ, ಮೇಲೊಂದು ಟಾನಿಕ್ ಸೇರಿಸಿ ಕಲಸುವ ರೂಢಿ ಬೆಳೆದಿದೆ. ಯಾವುದಾದರೊಂದು ತಾಗೀತು ಎಂಬ ಈ ಲೆಕ್ಕದಲ್ಲಿ ರೋಗದ ಜ್ಞಾನಕ್ಕೆ ಜಾಗವೇ ಇಲ್ಲ. ಯಾವುದು ತಾಗಿತು ಎಂದು ಕಲಿಯುವ ದಾರಿಯನ್ನೂ ಅದು ಮುಚ್ಚುತ್ತದೆ.

ಮಳೆಯ ಲೆಕ್ಕ, ಎಲೆಯ ಲೆಕ್ಕ

ರೋಗವನ್ನು ಸರಿಯಾಗಿ ಗುರುತಿಸಿದರೂ ಪಂಪಿನ ವಾದ ನಿಲ್ಲುವುದಿಲ್ಲ. ಮ್ಯಾಂಕೊಜೆಬ್ ಆಗಲಿ ಬೋರ್ಡೊ ದ್ರಾವಣವಾಗಲಿ ಎಲೆಯ ಮೇಲೆ ಕೂತು ಬೀಜಾಣು ಮೊಳೆಯದಂತೆ ಕಾಯುವ ವಸ್ತುಗಳು. ಒಳಗೆ ಇಳಿದ ರೋಗವನ್ನು ಅವು ತೆಗೆಯುವುದಿಲ್ಲ, ಬಿಳಿಚಿದ ಚುಕ್ಕೆಯನ್ನು ಮತ್ತೆ ಹಸಿರು ಮಾಡುವುದಿಲ್ಲ. ಔಷಧಿ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ರೈತ ಗುಣವಾಗುವುದನ್ನು ಕಾಯುತ್ತಾನೆ, ಗುಣ ಕಾಣದಾದಾಗ ಪ್ರಮಾಣ ಏರಿಸುತ್ತಾನೆ.

ಇನ್ನು ಗಿಡದ ಸ್ವಭಾವ. ಶುಂಠಿ ಮಳೆಗಾಲವಿಡೀ ಹೊಸ ಮರಿ ಒಡೆಯುತ್ತಲೇ, ಒಂದೊಂದು ಮರಿಯೂ ಹೊಸ ಎಲೆ ಬಿಡುತ್ತಲೇ ಇರುತ್ತದೆ. ಇಂದು ಹೊಡೆದ ಪೊರೆ ಇಂದು ಇರುವ ಎಲೆಗಳ ಮೇಲಷ್ಟೆ ಇರುತ್ತದೆ. ಮುಂದಿನ ಹದಿನೈದು ದಿನದಲ್ಲಿ ಬಿಚ್ಚುವ ಎಲೆಗಳಿಗೆ ಆ ರಕ್ಷಣೆ ಇಲ್ಲ. ರೋಗಕ್ಕೆ ಹೆಚ್ಚು ಒಳಗಾಗುವುದು ಅದೇ ಎಳೆ ಎಲೆ. ಹದಿನೈದು ದಿನದ ಪಾಳಿ ಬಲಿತ ಎಲೆಯನ್ನು ಕಾದು ಎಳೆಯ ಎಲೆಯನ್ನು ಬರಿಮೈಯಲ್ಲಿ ಬಿಡುತ್ತದೆ. ಒಳಗೆ ಹೀರಿಕೊಳ್ಳುವ ಪ್ರೊಪಿಕೊನಜೋಲ್‌ನಂಥವು ಎಲೆಯೊಳಗೆ ತುದಿಯತ್ತ ಸಾಗುತ್ತವೆ ನಿಜ. ಆಮೇಲೆ ಹುಟ್ಟುವ ಎಲೆಗಳನ್ನು ಕಾಯುವಷ್ಟು ಅವೂ ತಲುಪುವುದಿಲ್ಲ.

ಮೇಲಿನಿಂದ ಮಳೆ. ಸಕಲೇಶಪುರ ಪಟ್ಟಣ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿ. ಹೆತ್ತೂರು, ಯಸಳೂರು, ಹಾನುಬಾಳು ಕಡೆ ಜುಲೈನಲ್ಲಿ ದಿನಗಟ್ಟಲೆ ಮಳೆ ಬಿಡುವುದೇ ಇಲ್ಲ. ಪೊರೆ ಒಣಗಲು ಬೇಕಾದ ನಾಲ್ಕು ಗಂಟೆಯ ಬಿಡುವು ಸಿಗದ ದಿನಗಳಲ್ಲಿ ಹೊಡೆದದ್ದು ಹೊಳೆಗೆ ಹೋಗುತ್ತದೆ. ರೋಗ ಅತಿ ಜೋರಾಗಿರುವ ದಿನಗಳೇ ಸಿಂಪರಣೆ ಅತಿ ನಿಷ್ಫಲವಾಗುವ ದಿನಗಳು. ಮಳೆಯ ಕಾರಣಕ್ಕೆ ಹೆಚ್ಚು ಹೊಡೆಯಬೇಕು ಎನ್ನುವವರು ಮಳೆಯ ಕಾರಣಕ್ಕೇ ಅದು ನಿಲ್ಲುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದಿಲ್ಲ.

ಒಂದೇ ಗುರಿಯ ಔಷಧಿಗಳನ್ನು ಮತ್ತೆ ಮತ್ತೆ ಹೊಡೆಯುವುದರ ಫಲ ಇನ್ನೊಂದು. ಕಾರ್ಬೆಂಡಜಿಮ್ ಶಿಲೀಂಧ್ರದ ಒಂದೇ ಒಂದು ಪ್ರೊಟೀನಿನ ಮೇಲೆ ಕೆಲಸ ಮಾಡುತ್ತದೆ. ಅಲ್ಲಿ ಚಿಕ್ಕ ಮಾರ್ಪಾಡಾದ ಪೀಳಿಗೆ ಬದುಕಿ ಉಳಿದು, ಉಳಿದದ್ದೇ ಹೆಚ್ಚುತ್ತದೆ. ಹಲವು ಬೆಳೆಗಳಲ್ಲಿ ಹಲವು ದೇಶಗಳಲ್ಲಿ ಇದು ನಡೆದುಹೋಗಿದೆ. ಮುಂಜಾಗ್ರತೆಗೆಂದು ಹೊಡೆದದ್ದು ಅಗತ್ಯ ಬಿದ್ದ ದಿನ ಕೈಕೊಡುತ್ತದೆ.

ಅಡಿಕೆಯ ಪಾಠವನ್ನು ತಪ್ಪಾಗಿ ಓದಿದ್ದು

ಸಿಂಪರಣೆಯ ಮೇಲೆ ಮಲೆನಾಡಿಗೆ ಇರುವ ನಂಬಿಕೆಗೆ ಗೌರವದ ಇತಿಹಾಸವೊಂದಿದೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ವರದಿ ಪ್ರಕಟಿಸಿ, ಬೋರ್ಡೊ ದ್ರಾವಣವನ್ನು ರೂಢಿಗೆ ತಂದರು. ಅಂದಿನಿಂದ ಮೈಲುತುತ್ತ ಮತ್ತು ಸುಣ್ಣ ಮಲೆನಾಡಿನ ಮನೆಮನೆಯ ವಸ್ತುಗಳಾದವು.

ಆದರೆ ಅಡಿಕೆಯಲ್ಲಿ ಕಾಯಬೇಕಾದದ್ದು ಗೊನೆ. ಅದು ಮಳೆಗೆ ಮುಂಚೆಯೇ ಬಿಟ್ಟಿರುತ್ತದೆ, ಎಲ್ಲಿದೆ ಎಂಬುದು ಗೊತ್ತಿರುತ್ತದೆ, ಮಳೆಗಾಲವಿಡೀ ಅದೇ ಗೊನೆ ಇರುತ್ತದೆ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಮ್ಮೆ ಹೊಡೆದರೆ ಸಾಕಾಗುವುದು ಅದಕ್ಕಾಗಿ. ದಿನದಿನವೂ ಹೊಸ ಎಲೆ ಬಿಡುವ ಶುಂಠಿಗೆ ಅದೇ ಲೆಕ್ಕ ಹಾಕುವುದು ಗೊನೆಯನ್ನೂ ಎಲೆಯನ್ನೂ ಒಂದೇ ಎಂದು ತಿಳಿದಂತೆ. ಮೈಲುತುತ್ತಕ್ಕೂ ಹಿಂದೆ ಅಡಿಕೆ ತೋಟದವರು ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ರೋಗ ನೀರಿನ ಬೆನ್ನೇರಿ ಬರುತ್ತದೆ ಎಂಬ ತಿಳಿವು ಆ ಕೊಟ್ಟೆಯಲ್ಲಿತ್ತು. ಶುಂಠಿಯ ಮಡಿಗೆ ಹೊದಿಸುವ ಸೊಪ್ಪು ಶುಂಠಿಯ ಕೊಟ್ಟೆ. ಕಲಿಯಬೇಕಾಗಿದ್ದ ಪಾಠ ಅದು.

ಇದೇ ತಾಲ್ಲೂಕುಗಳ ಕಾಫಿ ಬೆಳೆಗಾರರು ಎಲೆತುಕ್ಕನ್ನು ಪಂಪೊಂದರಿಂದಲೇ ಎದುರಿಸಿದವರಲ್ಲ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್. 795 ತಳಿ, ಹದವಾಗಿ ಸವರಿದ ನೆರಳು, ಗಾಳಿಬೆಳಕು ಆಡುವಂತೆ ರೆಂಬೆ ಕತ್ತರಿಸಿದ ಗಿಡ, ಮಳೆಗೆ ಮುಂಚೆ ಅರ್ಧ ಪ್ರತಿಶತದ ಬೋರ್ಡೊ: ಇವಿಷ್ಟೂ ಸೇರಿ ಅರೇಬಿಕ ಉಳಿದಿದೆ. ತೋಟದೊಳಗೆ ಇಷ್ಟು ವಿವೇಕ ಇರುವಾಗ, ಬೇಲಿಯಾಚೆಯ ಶುಂಠಿ ಗದ್ದೆಯಲ್ಲಿ ಅದು ಇಲ್ಲವಾಗುವುದು ವಿಷಾದದ ಸಂಗತಿ.

ರೋಗವನ್ನು ನಿಜವಾಗಿ ತಡೆಯುವ ಕೆಲಸಗಳು

ಮೊದಲನೆಯದು ನೆಲ. ಶುಂಠಿ ಬೆಳೆದ ನೆಲಕ್ಕೆ ಮರುವರ್ಷವೇ ಶುಂಠಿ ಹಾಕಿದರೆ ಎಲೆಚುಕ್ಕೆಯ ಹಳೆ ಕಸವೂ ಕೊಳೆಯ ಬೀಜಾಣುವೂ ಕಾದುಕೊಂಡೇ ಇರುತ್ತವೆ. ರಾಗಿ, ಜೋಳ, ಭತ್ತದೊಂದಿಗೆ ಬೆಳೆ ಬದಲಿಸಬೇಕು. ಹಾಸನ ಜಿಲ್ಲೆಯ ಮಟ್ಟಿಗೆ ಇನ್ನೊಂದು ಎಚ್ಚರ ಮುಖ್ಯ. ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ನೆಲದಲ್ಲಿ ಸೊರಗು ರೋಗದ ಬ್ಯಾಕ್ಟೀರಿಯ ಉಳಿದಿರಬಹುದು. ಆಲೂಗಡ್ಡೆ ಕಿತ್ತ ಹೊಲಕ್ಕೆ ಶುಂಠಿ ಊರುವುದು ರೋಗವನ್ನು ಕೈಹಿಡಿದು ಕರೆತಂದಂತೆ.

ಎರಡನೆಯದು ಬಿತ್ತನೆ. ರಿಗೋಡಿಯಾಗಲಿ ಹಿಮಾಚಲವಾಗಲಿ, ತಳಿಯ ಹೆಸರಿಗಿಂತ ಅದು ಬಂದ ಗದ್ದೆ ಮುಖ್ಯ. ಬಿತ್ತನೆಗೆಂದು ಬಿಡುವ ಮಡಿಗಳನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಗಿಡ ಹಸಿರಾಗಿರುವಾಗಲೇ ಗುರುತು ಹಾಕಬೇಕು. ಎಲೆ ಒಣಗಿದ ಮೇಲೆ ಗೆಡ್ಡೆ ನೋಡಿ ಆರಿಸುವವನಿಗೆ ರೋಗದ ಮಡಿ ಯಾವುದು, ಆರೋಗ್ಯದ ಮಡಿ ಯಾವುದು ಎಂಬುದು ತಿಳಿಯದು. ಚೀಲದ ಲೆಕ್ಕದಲ್ಲಿ ಎಲ್ಲಿಂದಲೋ ಕೊಂಡ ಬಿತ್ತನೆ ಆ ಊರಿನ ರೋಗವನ್ನೂ ಹೊತ್ತು ತರುತ್ತದೆ.

ಮೂರನೆಯದು ಮಡಿ. ಒಂದು ಮೀಟರ್ ಅಗಲ, ಹದಿನೈದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಎತ್ತರ, ನಡುವೆ ಅರ್ಧ ಮೀಟರ್ ಕಾಲುವೆ. ಗದ್ದೆಯಲ್ಲಾದರೆ ಇನ್ನೂ ಆಳದ ಬಸಿಗಾಲುವೆ. ನೀರು ಬಸಿಯದ ಗದ್ದೆಯಲ್ಲಿ ಮಣ್ಣಿನ ತೇವವೇ ಎಲೆಯ ಸುತ್ತಲಿನ ಗಾಳಿಯನ್ನು ತಣ್ಣಗಿಟ್ಟು, ಎಲೆ ಆರುವ ಹೊತ್ತನ್ನು ತಡಮಾಡುತ್ತದೆ. ಬಿತ್ತನೆಗೆ ಮುಂಚೆ, ಬಿಸಿಲಿನ ದಿನಗಳಲ್ಲಿ ತೇವ ಮಾಡಿದ ಮಡಿಗೆ ನಲವತ್ತು ದಿನ ತೆಳು ಪಾಲಿಥೀನ್ ಹೊದಿಸಿದರೆ ಸೂರ್ಯನ ಕಾವೇ ಮಣ್ಣಿನ ರೋಗಾಣುವನ್ನು ತಗ್ಗಿಸುತ್ತದೆ. ಟ್ರೈಕೊಡರ್ಮ ಬೆರೆಸಿದ ಬೇವಿನ ಹಿಂಡಿ ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಲ್ಲಿಂದ ಮುಂದಿನ ಕಾವಲು. ಇವು ಮುಖ್ಯವಾಗಿ ಬುಡದ ರೋಗಗಳಿಗೆ. ಬುಡ ಗಟ್ಟಿಯಿರುವ ಗಿಡ ಒಂದಿಷ್ಟು ಎಲೆ ಕಳೆದುಕೊಂಡರೂ ಮತ್ತೆ ಎಲೆ ಬಿಟ್ಟು ತಾಳಿಕೊಳ್ಳುತ್ತದೆ.

ನಾಲ್ಕನೆಯದು ಸೊಪ್ಪು, ಎಲೆಚುಕ್ಕೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಊರಿದಾಗ ಹೆಕ್ಟೇರಿಗೆ ಹತ್ತು ಹನ್ನೆರಡು ಟನ್ ಹಸಿಸೊಪ್ಪು, ಆಮೇಲೆ ನಲವತ್ತನೆಯ ಮತ್ತು ತೊಂಬತ್ತನೆಯ ದಿನದ ಸುಮಾರಿಗೆ ಐದೈದು ಟನ್ ಹೊದಿಸಬೇಕೆಂಬುದು ಸಾಂಬಾರ ಬೆಳೆ ಸಂಶೋಧಕರ ಹಳೆಯ ಶಿಫಾರಸು. ಸೊಪ್ಪು ಹೊದ್ದ ಮಡಿಯ ಮೇಲೆ ಬಿದ್ದ ಹನಿ ಸದ್ದಿಲ್ಲದೆ ಇಳಿಯುತ್ತದೆ. ಬರಿಮಣ್ಣಿನ ಮೇಲೆ ಬಿದ್ದ ಹನಿ ಮಣ್ಣನ್ನೂ ಕಸದ ಬೀಜಾಣುವನ್ನೂ ಮೊಣಕಾಲೆತ್ತರಕ್ಕೆ ಸಿಡಿಸುತ್ತದೆ. ಜೋರು ಮಳೆಯ ಮರುದಿನ ಕೆಳಗಿನ ಎಲೆಗಳ ಅಡಿಭಾಗ ತಿರುಗಿಸಿ ನೋಡಿದರೆ, ಕೆಂಪು ಮಣ್ಣಿನ ಸಿಡಿತ ಎಷ್ಟಿದೆ ಎಂಬುದರಿಂದಲೇ ಆ ಮಡಿಯ ಸೊಪ್ಪಿನ ಯೋಗ್ಯತೆ ಗೊತ್ತಾಗುತ್ತದೆ.

ಐದನೆಯದು ನೆರಳು. ಬಟಾಬಯಲಿನ ಶುಂಠಿಗಿಂತ ಅರೆನೆರಳಿನ ಶುಂಠಿಯಲ್ಲಿ ಎಲೆಚುಕ್ಕೆಯ ತೀವ್ರತೆ ಕಡಿಮೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಮರದ ಚಪ್ಪರ ಹನಿಯ ಹೊಡೆತವನ್ನು ಒಡೆಯುತ್ತದೆ, ಬಿಸಿಲಿನ ಸುಡುವಿಕೆಯನ್ನೂ ತಡೆಯುತ್ತದೆ. ನೆರಳನ್ನೇ ಬೆಳೆಸಿ ಬದುಕಿದ ಈ ಬೆಟ್ಟಗಳಲ್ಲಿ, ಮರ ಕಡಿದು ಗುಡ್ಡ ಬೋಳಿಸಿ ಶುಂಠಿ ಹಾಕಿ, ಆಮೇಲೆ ಎಲೆಚುಕ್ಕೆಗೆ ಔಷಧಿ ಹುಡುಕುವುದು ತಲೆಕೆಳಗಾದ ಕ್ರಮ. ಹೊಸದಾಗಿ ನೆಟ್ಟ ಕಾಫಿ, ಅಡಿಕೆಯ ಸಾಲುಗಳ ನಡುವೆ ಹದವಾದ ನೆರಳಿನಲ್ಲಿ ಬೆಳೆದರೆ ಇಳುವರಿಯ ಆಸೆಯನ್ನು ತುಸು ಇಳಿಸಬೇಕಾದೀತು, ರೋಗದ ಭಯವೂ ಅಷ್ಟೇ ಇಳಿಯುತ್ತದೆ.

ಇವೆಲ್ಲವನ್ನೂ ಮಾಡಿದ ಮೇಲೂ ಮಳೆ ವಿಪರೀತವಾದ ವರ್ಷ ಸಿಂಪರಣೆ ಬೇಕಾಗಬಹುದು. ಆಗ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರಿನ ಒಂದು ಪ್ರತಿಶತ ಬೋರ್ಡೊ ದ್ರಾವಣವನ್ನು ಮಳೆ ಬಿಡುವು ಕೊಟ್ಟಾಗ, ಚುಕ್ಕೆ ಎದ್ದ ಕೂಡಲೇ ಹೊಡೆಯಬಹುದು. ತಿಕ್ಕಿ ಬೆಳಗಿದ ಕತ್ತಿಯನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಬೋರ್ಡೊ ಕೂಡ ನಿರಪಾಯವಲ್ಲ. ತಾಮ್ರ ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ, ವರ್ಷವರ್ಷವೂ ಕೂಡಿಕೊಳ್ಳುತ್ತದೆ. ಆದ್ದರಿಂದ ಅದೂ ಲೆಕ್ಕದಲ್ಲಿರಬೇಕು.

2024ರ ಬೆಂಕಿ ರೋಗ

ಪಂಪಿನ ಪಕ್ಷದವರಿಗೆ ಈಚೆಗೆ ಹೊಸ ಬಲ ಸಿಕ್ಕಿದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ 2024ರಲ್ಲಿ, ನೆರೆಯ ಕೊಡಗಿನ ಶುಂಠಿಯಲ್ಲಿ ಪೈರಿಕ್ಯುಲೇರಿಯ ಶಿಲೀಂಧ್ರದ ರೋಗವನ್ನು ಮೊದಲ ಬಾರಿಗೆ ಗುರುತಿಸಿತು. ಭತ್ತದ ಬೆಂಕಿ ರೋಗಕ್ಕೆ ಕಾರಣವಾದ ಕುಲವೇ ಇದು. ಎಲೆ ಹಳದಿಗಟ್ಟಿ, ಕಪ್ಪು ಇಲ್ಲವೆ ಕಡು ಹಸಿರಿನ ಮಚ್ಚೆ ಎದ್ದು, ನೋಡನೋಡುತ್ತಿದ್ದಂತೆ ಹಬ್ಬುತ್ತದೆ. ಗೆಡ್ಡೆ ಕೊಳೆಯುವುದಿಲ್ಲವಾದರೂ ಎಲೆ ಬೇಗ ಒಣಗುವುದರಿಂದ ತೂಕ ಬಹಳ ಇಳಿಯುತ್ತದೆ. ಸಂಸ್ಥೆ ಪ್ರೊಪಿಕೊನಜೋಲ್ ಮೊದಲಾದ ಶಿಲೀಂಧ್ರನಾಶಕಗಳನ್ನು ಸೂಚಿಸಿದ್ದು ನಿಜ. ಇಂಥ ಹೊಸ ರೋಗದ ತುರ್ತಿನಲ್ಲಿ ಅದು ಸರಿಯಾದ ಸಲಹೆ.

ಇದರಿಂದ ಪಂಪಿನ ವಾದ ಗೆಲ್ಲುವುದಿಲ್ಲ. ಅದೇ ಸಂಸ್ಥೆಯ ಸಲಹೆಯಲ್ಲಿ ಆರೋಗ್ಯವಂತ ಬಿತ್ತನೆ ಗೆಡ್ಡೆಯ ಉಪಚಾರ ಊರುವ ಮೊದಲಿನ ಕೆಲಸವಾಗಿ ಬರುತ್ತದೆ. ಬೇಗ ಬಂದ ಮಳೆ ಮತ್ತು ಇಬ್ಬನಿ ರೋಗಕ್ಕೆ ಒದಗಿಬಂದವು ಎಂಬುದೂ ಆ ಸಂದರ್ಭದಲ್ಲೇ ಕೇಳಿಬಂದ ಮಾತು. ಅಂದರೆ ಇಲ್ಲಿಯೂ ಎಲೆಯ ಮೇಲೆ ತೇವ ನಿಲ್ಲುವ ಹೊತ್ತೇ ರೋಗದ ಕೀಲಿ. ಒತ್ತೊತ್ತಾಗಿ ಊರಿ, ಯೂರಿಯ ಸುರಿದು, ಗಾಳಿಯಾಡದಂತೆ ಸೊಕ್ಕಿಸಿದ ಬೆಳೆಯಲ್ಲಿ ಇಬ್ಬನಿ ಹೊತ್ತೇರಿದರೂ ಆರುವುದಿಲ್ಲ. ಸಾರಜನಕ ಹೆಚ್ಚಾದಷ್ಟೂ ಬೆಂಕಿ ರೋಗ ಹೆಚ್ಚು ಎಂಬುದನ್ನು ಭತ್ತದ ರೈತ ತಲೆಮಾರುಗಳಿಂದ ಬಲ್ಲ. ಶುಂಠಿಗೆ ಕಾಲಿಟ್ಟ ಕೂಡಲೇ ಆ ಅರಿವನ್ನು ಮರೆಯಬೇಕಾದ ಕಾರಣವಿಲ್ಲ. ಜೊತೆಗೆ, ಇಂಥ ದಿನಕ್ಕೆಂದೇ ಉಳಿಸಿಕೊಳ್ಳಬೇಕಾದ ಔಷಧಿಯನ್ನು ವರ್ಷವರ್ಷವೂ ಸುಮ್ಮನೆ ಹೊಡೆದು ಮೊಂಡಾಗಿಸುವುದು ವಿವೇಕವಲ್ಲ.

ಕೆಸುವಿನ ಸಾಕ್ಷಿ

ಉಷ್ಣವಲಯದ ಗೆಡ್ಡೆ ಬೆಳೆಗಳ ಎಲೆರೋಗದಲ್ಲಿ ಪಂಪು ಸೋತ ದೊಡ್ಡ ಕತೆ ಕೆಸುವಿನದು. ಈ ಸೀಮೆಯ ಹಳ್ಳದ ದಂಡೆ, ಬಚ್ಚಲ ನೀರಿನ ತಗ್ಗು, ಮಳೆಗಾಲದ ಪತ್ರೊಡೆಯ ಮೂಲಕ ಎಲ್ಲರಿಗೂ ಪರಿಚಿತವಾದ ಗಿಡ ಅದು. ಅದರ ಎಲೆ ಅಂಗಮಾರಿಗೆ ಕಾರಣವಾದ ಫೈಟಾಫ್ತೊರ ಕೊಲೊಕೇಸಿಯೆಯನ್ನು 1900ರಲ್ಲಿ ಜಾವಾದಿಂದ ರಾಸಿಬೋರ್ಸ್ಕಿ ವಿವರಿಸಿದರು. ಭಾರತದಲ್ಲಿ ಬಟ್ಲರ್ ಮತ್ತು ಕುಲಕರ್ಣಿ 1913ರಲ್ಲಿ ಅದರ ಅಭ್ಯಾಸವನ್ನು ಪ್ರಕಟಿಸಿದರು. ಮಳೆಗಾಲದ ಬೆಳಗ್ಗೆ ರೋಗದ ಎಲೆಯನ್ನು ನೋಡಿದರೆ ನೀರುಗಟ್ಟಿದ ಕಂದು ವೃತ್ತ, ಅದರ ಅಂಚಿಗೆ ಬೆಳ್ಳನೆಯ ಬೂಷ್ಟಿನ ಉಂಗುರ, ಅಲ್ಲಲ್ಲಿ ಜೇನುಬಣ್ಣದ ಅಂಟುಹನಿ ಕಾಣುತ್ತವೆ.

ಈ ರೋಗ 1993ರಲ್ಲಿ ಶಾಂತಸಾಗರದ ಸಮೋವ ದ್ವೀಪಕ್ಕೆ ಹೊಕ್ಕಿತು. ಅಲ್ಲಿನ ಜನರ ಮುಖ್ಯ ಆಹಾರವೂ ಮುಖ್ಯ ರಫ್ತೂ ಕೆಸುವೇ ಆಗಿತ್ತು, ಹೆಚ್ಚಿನ ನೆಲದಲ್ಲಿ ಬೆಳೆದದ್ದು ಒಂದೇ ತಳಿ. ಒಂದೆರಡು ವರ್ಷದಲ್ಲಿ ರಫ್ತು ನೆಲಕಚ್ಚಿತು. ಶಿಲೀಂಧ್ರನಾಶಕಗಳನ್ನು ಹೊಡೆದು ನೋಡಿದರು. ಬಿಡದ ಮಳೆಯಲ್ಲಿ ಅವು ನಿಲ್ಲಲಿಲ್ಲ, ಖರ್ಚು ಗಿಟ್ಟಲಿಲ್ಲ. ಕೊನೆಗೆ ಆ ದ್ವೀಪವನ್ನು ಮೇಲೆತ್ತಿದ್ದು ಪಲಾವು ಮುಂತಾದ ಬೇರೆ ದ್ವೀಪಗಳಿಂದ ತಂದ, ರೋಗ ತಾಳುವ ತಳಿಗಳು ಮತ್ತು ರೈತರ ಜೊತೆಗೂಡಿ ನಡೆಸಿದ ತಳಿ ಅಭಿವೃದ್ಧಿ. ಭಾರತದಲ್ಲೂ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಅಂಗಮಾರಿ ತಾಳುವ ಮುಕ್ತಕೇಶಿ ತಳಿಯನ್ನು ಕೊಟ್ಟಿದೆ. ಮಳೆನಾಡಿನ ಎಲೆರೋಗವನ್ನು ಪಂಪಿನಿಂದ ಗೆಲ್ಲಲಾಗದು ಎಂಬುದಕ್ಕೆ ಇಷ್ಟು ನಿಚ್ಚಳ ಸಾಕ್ಷಿ ಇರುವಾಗ, ಮಳೆನಾಡಿನ ಶುಂಠಿ ಅದೇ ದಾರಿ ಹಿಡಿಯುವುದಕ್ಕೆ ಸಮರ್ಥನೆ ಇಲ್ಲ.

ಮೂರು ಆಕ್ಷೇಪಗಳು

ಮೊದಲ ಆಕ್ಷೇಪ ಗುತ್ತಿಗೆಯದು. 1990ರ ದಶಕದಿಂದೀಚೆಗೆ ವಯನಾಡು ಮೊದಲಾದ ಕಡೆಯ ಬೆಳೆಗಾರರು ಕೊಡಗು, ಹಾಸನ, ಮೈಸೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ನೆಲ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತ ಬಂದಿದ್ದಾರೆ. ಸ್ಥಳೀಯರೂ ಇದೇ ಪದ್ಧತಿಗೆ ಬಿದ್ದಿದ್ದಾರೆ. ಒಂದು ವರ್ಷಕ್ಕೆ ನೆಲ ಹಿಡಿದವನು ಮಣ್ಣಿಗಾಗಿ ಖರ್ಚು ಮಾಡಲಾರ, ಅವನಿಗೆ ಪಂಪೇ ಗತಿ ಎನ್ನುತ್ತಾರೆ. ಇದು ಪಂಪಿನ ಸಮರ್ಥನೆಯಲ್ಲ, ಒಂದು ವರ್ಷದ ಗುತ್ತಿಗೆಯ ಮೇಲಿನ ಆರೋಪ. ನೆಲದ ಒಡೆಯ ಕರಾರಿನಲ್ಲೇ ಸೊಪ್ಪಿನ ಹೊದಿಕೆ, ಬಸಿಗಾಲುವೆ, ಕೊಯ್ಲಿನ ನಂತರ ಎಲೆಕಸ ತೆಗೆದು ಸುಡುವುದನ್ನು ಬರೆಸಿಕೊಳ್ಳಬಹುದು. ಗುತ್ತಿಗೆದಾರ ಹೋದ ಮೇಲೂ ಆ ನೆಲದಲ್ಲಿ ಬದುಕಬೇಕಾದವನು ಒಡೆಯನೇ.

ಎರಡನೆಯ ಆಕ್ಷೇಪ ಸೊಪ್ಪು ಸಿಗುವುದಿಲ್ಲ ಎಂಬುದು. ಕಾಡಿನ ಸೊಪ್ಪನ್ನು ನಂಬಿದರೆ ಸಿಗುವುದಿಲ್ಲ, ತರಲೂ ಬಾರದು. ಆದರೆ ಪ್ರತಿ ಬೇಸಿಗೆ ತೋಟಗಳಲ್ಲಿ ಹಾಲುವಾಣ, ಸಿಲ್ವರ್ ಓಕ್ ಸವರಿದ ರಾಶಿ ಸೊಪ್ಪು ಬೀಳುತ್ತದೆ. ಬೇಲಿಗೆ ಗ್ಲಿರಿಸಿಡಿಯ ನೆಟ್ಟರೆ ಎರಡನೆಯ ವರ್ಷದಿಂದ ಕೊಯ್ಯಬಹುದು. ಭತ್ತದ ಹುಲ್ಲು, ತರಗೆಲೆ ಇದ್ದೇ ಇವೆ. ಶುಂಠಿಯ ಎಲೆಕಸವನ್ನು ಮಾತ್ರ ಮತ್ತೆ ಶುಂಠಿಗೇ ಹೊದಿಸಬಾರದು.

ಮೂರನೆಯದು ಆಳಿನ ಕೊರತೆ. ಸೊಪ್ಪು ಹೊದಿಸಲು ಆಳು ಬೇಕು ಎನ್ನುವವರು ಮಳೆಗಾಲದಲ್ಲಿ ಎಂಟು ಹತ್ತು ಸಲ ಪಂಪು ಹೊರುವ ಆಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊದಿಸಿದ ಸೊಪ್ಪು ಕಳೆಯನ್ನೂ ತಡೆಯುತ್ತದೆ. ಕಳೆ ಕೀಳುವ ಆಳು ಉಳಿದದ್ದನ್ನೂ ಸೇರಿಸಿದರೆ ಲೆಕ್ಕ ತಿರುಗುತ್ತದೆ.

ಇಳಿಜಾರಿನ ಕೆಳಗೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ನೀರು ಬಹುಪಾಲು ಹೇಮಾವತಿ ನದಿಗೆ ಸೇರುತ್ತದೆ. ಅದು ಗೊರೂರಿನ ಜಲಾಶಯದಲ್ಲಿ ನಿಂತು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಕ್ಕೂ ಕೊಡಕ್ಕೂ ಹೋಗುತ್ತದೆ. ಇಳಿಜಾರಿನಲ್ಲಿ ತೊಳೆದುಹೋದ ಔಷಧಿ ಮಾಯವಾಗುವುದಿಲ್ಲ. ಮ್ಯಾಂಕೊಜೆಬ್ ಒಡೆದಾಗ ಎಥಿಲೀನ್ ಥಯೊಯೂರಿಯ ಎಂಬ ಹಾನಿಕರ ವಸ್ತು ಹುಟ್ಟುತ್ತದೆ. ಯುರೋಪಿನ ಒಕ್ಕೂಟ 2020ರ ಡಿಸೆಂಬರಿನಲ್ಲಿ ಮ್ಯಾಂಕೊಜೆಬ್‌ಗೆ ಮತ್ತೆ ಪರವಾನಗಿ ಕೊಡಲು ನಿರಾಕರಿಸಿತು. ಅದೇ ವರ್ಷ ಭಾರತ ಸರ್ಕಾರ ನಿಷೇಧಿಸಲು ಯೋಚಿಸಿದ 27 ಪೀಡೆನಾಶಕಗಳ ಕರಡು ಪಟ್ಟಿಯಲ್ಲಿ ಮ್ಯಾಂಕೊಜೆಬ್ ಮತ್ತು ಕಾರ್ಬೆಂಡಜಿಮ್ ಎರಡೂ ಇದ್ದವು. ಕೈಗವಸು, ಮುಖಕವಚವಿಲ್ಲದೆ ಮಂಜಿನಂಥ ಹನಿಯೊಳಗೆ ನಡೆಯುವ ಆಳಿನ ಮೈಗೆ ಇದೇ ದ್ರಾವಣ ಮೊದಲು ತಾಗುತ್ತದೆ. ಅವನ ಆರೋಗ್ಯ ಎಕರೆಯ ಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಪಂಪು ಅಗ್ಗ ಎಂಬ ಮಾತು ನಿಂತಿರುವುದು ಈ ಬಿಟ್ಟುಹೋದ ಸಾಲುಗಳ ಮೇಲೆ.

ಬದಲಾಗಬೇಕಾದ ಕ್ರಮ

ಬದಲಾಗಬೇಕಾದದ್ದು ಮೊದಲು ಸಲಹೆಯ ಕ್ರಮ. ಶುಂಠಿಯ ಕೈಪಿಡಿಗಳೂ ತರಬೇತಿಗಳೂ ಔಷಧಿಯ ಹೆಸರು ಮತ್ತು ಲೀಟರಿಗೆ ಎಷ್ಟು ಗ್ರಾಂ ಎಂಬ ಸಾಲಿನಿಂದ ಆರಂಭವಾಗುವುದು ನಿಲ್ಲಬೇಕು. ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಸಕಲೇಶಪುರದ ದೋಣಿಗಲ್‌ನ ಏಲಕ್ಕಿ ಸಂಶೋಧನಾ ಕೇಂದ್ರ, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಮಗ್ಗುಲಲ್ಲೇ ಇವೆ. ಸೊಪ್ಪು, ನೆರಳು, ಬಸಿಗಾಲುವೆಗಳ ಪರಿಣಾಮವನ್ನು ರೈತರ ಗದ್ದೆಯಲ್ಲೇ, ಪಕ್ಕಪಕ್ಕದ ಮಡಿಗಳಲ್ಲಿ ತೋರಿಸುವ ಕೆಲಸ ಈ ಬೆಟ್ಟಗಳಲ್ಲಿ ಪ್ರತಿ ಹೋಬಳಿಗೂ ಆಗಬೇಕು. ಬಿತ್ತನೆ ಮಡಿಗಳನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಪರೀಕ್ಷಿಸಿ ದೃಢೀಕರಿಸುವ ವ್ಯವಸ್ಥೆ ಬೇಕು. ಎಲೆಯನ್ನಷ್ಟೇ ನೋಡಿ ಔಷಧಿ ಬರೆಯುವ ರೂಢಿಗೆ ಬದಲಾಗಿ, ಗಿಡವನ್ನು ಬುಡಸಮೇತ ತಂದು ತೋರಿಸುವ ರೂಢಿ ಬರಬೇಕು.

ಹಾಗಾದಾಗ ಶುಂಠಿಯ ಎಲೆಚುಕ್ಕೆ ನಿರ್ವಹಣೆಯ ಪಟ್ಟಿ ಹೀಗೆ ನಿಲ್ಲುತ್ತದೆ: ಬೆಳೆ ಬದಲಿಸಿದ ನೆಲ, ಗುರುತು ಹಾಕಿ ಆರಿಸಿದ ಬಿತ್ತನೆ, ಎತ್ತರದ ಮಡಿ, ಮೂರು ಸಲದ ಸೊಪ್ಪು, ಹದವಾದ ನೆರಳು, ಮಿತವಾದ ಯೂರಿಯ, ವಾರಕ್ಕೊಮ್ಮೆ ಮಡಿ ಸುತ್ತಿ ನೋಡುವ ಕಣ್ಣು, ಕೊಯ್ಲಿನ ನಂತರದ ಶುಚಿ. ಇವೆಲ್ಲ ಮುಗಿದ ಮೇಲೂ ಚುಕ್ಕೆ ಏರುತ್ತಿದ್ದರೆ, ರೋಗ ಇಂಥದೇ ಎಂದು ಖಚಿತವಾಗಿದ್ದರೆ, ಮಳೆ ಬಿಡುವು ಕೊಟ್ಟಿದ್ದರೆ, ಆಗ ಪಂಪು.